ಟ್ರಿಗರಿಗೆ ಹಚ್ಚಿದ ಗಂಧ

ಅಕ್ಟೋಬರ್ 28, 2023, ಶನಿವಾರ. ಫೋರ್ಟ್ ಮಿಲ್, ಅಮೆರಿಕ.

ಇವತ್ತು ಶೂಟಿಂಗ್ ರೇಂಜಿನಲ್ಲಿ ಗೆಳೆಯ ಚಿರಂತನ ಮತ್ತು ನಾನು ನನ್ನ ಎರಡು ರೈಫಲ್ ಹೋಲಿಸಿ ನೋಡಿದೆವು. ಹಳೆಯದರ ಟ್ರಿಗರ್ ಬಿಗಿ, ಎಳೆಯುವಾಗ ಗುರಿ ಕದಲಿ ಗುಂಡುಗಳು ಚೆದುರಿದವು. ಹೊಸದರದು ಹೂವಿನಷ್ಟು ಹಗುರ, ಗುಂಡುಗಳೆಲ್ಲ ಒಂದೇ ತೂತಿನಲ್ಲಿ ಹೋದಂತಿತ್ತು. ಹಾಳು ಹೆಮ್ಮೆ! ಹೊಸದಕ್ಕೇ ಮತ್ತೊಂದು ಗುಂಡು ತುಂಬಿ ಬೋಲ್ಟ್ ಮುಚ್ಚಿದೆ. ಟ್ರಿಗರ್ ಮುಟ್ಟುವ ಮೊದಲೇ ಗುಂಡು ಹಾರಿತು. ನಳಿಗೆಯ ಕೆಳಗೆ ಮರಳುಚೀಲ ಸರಿಪಡಿಸುತ್ತಿದ್ದ ಚಿರಂತನನ ಕೈಯಿಂದ ಗೇಣುದೂರದಲ್ಲಿ. ಅವನು ಕಾರು ಹತ್ತಿ ಹೋದ.

ಮನೆಯಲ್ಲಿ ಹೆಂಡತಿ ಊರ್ಮಿಳಾ, "ಸೋಮವಾರ ಆಯುಧಪೂಜೆ ಮಾಡಿದ್ದಕ್ಕೇ ಬಚಾವಾದ್ರಿ ಕಣ್ರೀ" ಎಂದಳು. ಹೂಂ ಎಂದೆ. ಆಮೇಲೆ ಹೊಸ ರೈಫಲಿನ ಟ್ರಿಗರ್ ಬಿಚ್ಚಿ ನೋಡಿದೆ. ಅವತ್ತು ನಾನೇ ಭಕ್ತಿಯಿಂದ ಬಳಿದ ಗಂಧ ಒಳಗಿಳಿದು, ಕೊಂಡಿ ಕಚ್ಚುವ ಜಾಗದಲ್ಲಿ ಒಣಗಿ ಕೂತಿದೆ. ಅದಕ್ಕೇ ಕೊಂಡಿ ಪೂರ್ತಿ ಕಚ್ಚದೆ, ಬೋಲ್ಟ್ ಮುಚ್ಚಿದೊಡನೆ ಜಾರಿ ಗುಂಡು ಹಾರಿದೆ.

ಚಿರಂತನನಿಗೆ ಫೋನ್ ಮಾಡಬೇಕು. ಏನೆಂದು ಹೇಳಲಿ, ದೇವರ ದಯೆಯಿಂದ ಬಚಾವಾದೆ ಎಂದೋ, ನನ್ನ ಗಂಧದಿಂದಲೇ ಗುಂಡು ಹಾರಿತು ಎಂದೋ?