ಬ್ರಹ್ಮಾವರದ ಲಾಗಿನಲ್ಲಿ ಇಲ್ಲದವಳು

ಕೋಡಿ, ಕುಂದಾಪುರ
೮ ಡಿಸೆಂಬರ್ ೨೦೨೫, ಸೋಮವಾರ

ಚಿ. ಸೌ. ಚೇತನಾಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದ.

ನಾನಿಲ್ಲಿ ಗಟ್ಟಿಯಾಗಿಯೇ ಇದ್ದೇನೆ. ನೀನೂ ನಿನ್ನ ಮನೆಯವರೂ ಬ್ರಹ್ಮಾವರದಲ್ಲಿ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಎಂಟು ದಿನದಿಂದ ನಿನ್ನ ಫೋನು ಎತ್ತಲಿಲ್ಲ, ಮೆಸೇಜಿಗೂ ಉತ್ತರ ಕೊಡಲಿಲ್ಲ, ತಪ್ಪಾಯಿತು. ಏಳು ಮಿಸ್ಡ್ ಕಾಲ್ ಇವೆ. ತಂತಿ ಆಫೀಸಿನಲ್ಲಿ ಶಬ್ದ ಎಣಿಸಿ ಎಣಿಸಿ ಬಂದ ಚಾಳಿ, ಏನನ್ನೂ ಎಣಿಸದೆ ಬಿಡಲು ನನಗೆ ಬರುವುದಿಲ್ಲ. ಫೋನು ಎತ್ತಿದರೆ ನೀನು ಅಳುತ್ತೀ, ನೀನು ಅತ್ತರೆ ನಾನು ಕರಗುತ್ತೇನೆ, ಹೇಳಬೇಕಾದ್ದೆಲ್ಲ ಹೊಟ್ಟೆಯಲ್ಲೇ ಉಳಿಯುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಗುರುವಾರ ನಿನ್ನ ಅಮ್ಮ ಸರೋಜ ಬಂದಿದ್ದಳು. ಒಂದು ಹೊರೆ ಬಸಳೆ ತಂದಿದ್ದಳು, ಒಬ್ಬಳೇ ಇರುವವಳಿಗೆ ಅಷ್ಟು ಯಾಕೆ ಎಂದರೆ ಕೇಳುವವಳೇ ಅಲ್ಲ. "ಚೇತನಾ ಎಂತಕೆ ಫೋನಲ್ಲಿ ಸಪ್ಪಗೆ ಮಾತಾಡ್ತಳ್ ಅಕ್ಕಾ?" ಎಂದು ಕೇಳಿದಳು. "ಥಂಡಿ ಆಯಿರ್ಕ್" ಎಂದೆ. ನಿನ್ನ ಅಮ್ಮನಿಗೆ ನಾನು ಏನೂ ಹೇಳಿಲ್ಲ, ನೀನೂ ಗಾಬರಿಯಲ್ಲಿ ಹೇಳಬೇಡ.

ಇಲ್ಲಿ ಕಡಲಗಾಳಿಗೆ ನನ್ನ ರೇಡಿಯೋ ಆಂಟೆನಾದ ಹಗ್ಗ ಮತ್ತೆ ಕಡಿದಿದೆ. ತೆಂಗಿನಕಾಯಿ ಕೊಯ್ಯಲು ಬಂದ ಸೀತು ಮರದ ಮೇಲಿಂದಲೇ, "ಇದ್ನ್ ಎಷ್ಟ್ ಸಲ ಕಟ್ಟೂದ್ ಅಮ್ಮಾ? ಎಲ್ರ ಹಾಂಗೆ ಡಿಶ್ ಹಾಕ್ಸ್ಕಣಿ" ಎಂದು ಬುದ್ಧಿ ಹೇಳಿದ. ಕಟ್ಟುವುದೇ ಬೇಡ, ಇಳಿ ಎಂದೆ. ಒಂದು ವರ್ಷ ಬಾಯಿ ಮುಚ್ಚಿ ಕೂರಬೇಕಾದ ರೇಡಿಯೋ ಸ್ಟೇಷನ್ನಿಗೆ ಹಗ್ಗ ಯಾಕೆ?

ನವೆಂಬರ್ ಮೂವತ್ತರ ಸಭೆಗೆ ನೀನು ಬರಲಿಲ್ಲ. ಅಲ್ಲಿ ಏನಾಯಿತು ಎಂದು ನಿಮ್ಮ ಬ್ರಹ್ಮಾವರ ಕ್ಲಬ್ಬಿನವರು ತಮಗೆ ಬೇಕಾದ ಹಾಗೆ ಹೇಳಿರುತ್ತಾರೆ. ನಾನು ನನ್ನ ಹಾಗೆ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಹೇಳುತ್ತೇನೆ, ಸಹಿಸಿಕೋ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಮೂರು ಕ್ಲಬ್ಬು ಸೇರಿಸಿದರೂ ಹ್ಯಾಮ್ ರೇಡಿಯೋ ಲೈಸೆನ್ಸ್ ಇರುವವರು ನಲವತ್ತು ಮಂದಿ ಇಲ್ಲ. ಇಷ್ಟು ಜನರ ಸ್ಪರ್ಧೆಗೆ ಮೂರು ಪುಟ ನಿಯಮ ಬೇಕೆಂದು ಹಠ ಹಿಡಿದು, ಅದನ್ನು ಬರೆದವಳೂ ನಾನೇ. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಸ್ಪರ್ಧೆ. ಜನ ಕಡಿಮೆಯಾದ್ದರಿಂದ ಒಂದೇ ಸ್ಟೇಷನ್ನನ್ನು ಅರ್ಧ ಗಂಟೆಗೊಮ್ಮೆ ಮತ್ತೆ ಕರೆಯಬಹುದು. ಪ್ರತಿ ಸಂಪರ್ಕಕ್ಕೆ ಇಬ್ಬರ ಕ್ಲಬ್ಬಿಗೂ ಒಂದೊಂದು ಅಂಕ. ಪ್ರತಿ ಸಲವೂ ಇದು ಆ ದಿನದ ಎಷ್ಟನೆಯ ಸಂಪರ್ಕ ಎಂಬ ನಮ್ಮ ಕ್ರಮಸಂಖ್ಯೆ ಹೇಳಬೇಕು, ಅವರದ್ದನ್ನು ಬರೆದುಕೊಳ್ಳಬೇಕು. ನಾನು ಮಾತಾಡಿದೆ ಎಂದು ನನ್ನ ಲಾಗಿನಲ್ಲಿ, ಎಂದರೆ ಸಂಪರ್ಕಗಳನ್ನು ಬರೆದಿಡುವ ಪಟ್ಟಿಯಲ್ಲಿ, ಬರೆದರೆ ಸಾಲದು, ಅದು ಎದುರಿನವರ ಲಾಗಿನಲ್ಲೂ ಇರಬೇಕು. ಇಲ್ಲದಿದ್ದರೆ ಆ ಅಂಕವೂ ಹೋಯಿತು, ಮೇಲೆ ಮೂರು ಅಂಕ ದಂಡ. ಅಂಥದ್ದು ಹತ್ತಕ್ಕಿಂತ ಹೆಚ್ಚಾದರೆ ಅದು ಸುಳ್ಳು ಲಾಗ್. ಬರೆದವರ ಸ್ಟೇಷನ್ನು ಒಂದು ವರ್ಷ ಕ್ಲಬ್ಬಿನ ಯಾವ ಕೆಲಸಕ್ಕೂ ಇಲ್ಲ.

ಈ ಕೊನೆಯ ನಿಯಮ ನಾನು ಸಿಟ್ಟಿನಲ್ಲಿ ಬರೆದದ್ದು. ಮೊದಲ ವರ್ಷ ಬೈಂದೂರಿನ ಇಬ್ಬರು ವಾಟ್ಸಾಪಿನಲ್ಲೇ ನಂಬರು ಹಂಚಿಕೊಂಡು, ರೇಡಿಯೋ ಮುಟ್ಟದೆ, ಊಟ ಮಾಡಿ ಮಲಗಿದ್ದರು. ನಮ್ಮ ಅಧ್ಯಕ್ಷ ಅಣ್ಣಯ್ಯ ಆಗಲೇ ತಲೆ ಕೆರೆದುಕೊಂಡು, "ಇದ್ ಸ್ವಲ್ಪ ಜೋರಾಯ್ತ್ ಉಮಾವತಕ್ಕ. ನಾಳೆ ನಮ್ಮ ಕುತ್ಗಿಗೇ ಬತ್ತ್" ಎಂದಿದ್ದರು. ಉಪ್ಪು ತಿಂದವ ನೀರು ಕುಡಿಯಲೇಬೇಕು ಎಂದು ನಾನು ದೊಡ್ಡ ಜಡ್ಜಿಯ ಹಾಗೆ ಹೇಳಿ ಬಾಯಿ ಮುಚ್ಚಿಸಿದೆ. ಈಗ ಉಪ್ಪು ತಿನ್ನದೆಯೇ ಕೊಡಗಟ್ಟಲೆ ನೀರು ಕುಡಿಯುತ್ತಿದ್ದೇನೆ.

ಸ್ಪರ್ಧೆಯ ದಿನ, ನವೆಂಬರ್ ಹದಿನಾರು, ನನಗೆ ಎಷ್ಟು ಖುಷಿಯಾಗಿತ್ತು ಗೊತ್ತೇ? ಬೆಳಿಗ್ಗೆ ಎಂಟು ಗಂಟೆ ಏಳು ನಿಮಿಷಕ್ಕೆ ಮೋರ್ಸ್ ಸಂಕೇತದಲ್ಲಿ ನಿನ್ನ ಸ್ಟೇಷನ್ನಿನ ಗುರುತು, ಕಾಲ್‌ಸೈನ್, ಬಂತು. ಕಾಲ್‌ಸೈನ್ ಬೇಕಾಗಿಯೇ ಇರಲಿಲ್ಲ, ನಿನ್ನ ಕೈ ನನಗೆ ಗೊತ್ತಿಲ್ಲವೇ? ನೀನು ಪಿ.ಯು.ಸಿ.ಯಲ್ಲಿ ಇದ್ದಾಗ ದೋಸೆ ಸಟ್ಟುಗದಿಂದ ಕಾವಲಿ ತಟ್ಟಿ ನಿನಗೆ ಮೋರ್ಸ್ ಕಲಿಸಿದವಳು ನಾನು, ಎಷ್ಟು ದೋಸೆ ಕರಟಿದವು ಎಂದು ನಿನ್ನ ಅಮ್ಮನನ್ನು ಕೇಳು. ಐದು ಎಂಬ ಅಂಕಿಗೆ ಐದು ಚುಕ್ಕಿ. ನಿನಗೆ ಯಾವಾಗಲೂ ಅವಸರ, ಆರು ಬೀಳುತ್ತದೆ. ಆ ದಿನವೂ ಎರಡು ಸಲ ಆರು ಬಿತ್ತು, ನಾನು ನಗುತ್ತಾ ಐದೆಂದೇ ಬರೆದುಕೊಂಡೆ. ಅರ್ಧ ಗಂಟೆಗೊಮ್ಮೆ ನೀನು ಕರೆದೆ, ಅಥವಾ ನಾನು ಕರೆದೆ. ಒಟ್ಟು ಹದಿನಾಲ್ಕು ಸಲ. ಕೊನೆಯದು ಮೂರು ಗಂಟೆ ನಲವತ್ತೊಂದು ನಿಮಿಷಕ್ಕೆ. ನಿನ್ನ ನಂಬರು ಎಪ್ಪತ್ತೆಂಟು ಕೊಟ್ಟು, ಅದರ ಹಿಂದೆಯೇ ಎಂಬತ್ತೆಂಟು ಎಂದು ಕಳಿಸಿದೆ. ಹ್ಯಾಮ್‌ಗಳಲ್ಲಿ ಎಂಬತ್ತೆಂಟು ಎಂದರೆ ಒಂದು ಮುತ್ತು. ಸ್ಪರ್ಧೆಯ ಗಡಿಬಿಡಿಯಲ್ಲಿ ಅದನ್ನು ಯಾರೂ ಕಳಿಸುವುದಿಲ್ಲ. ನನ್ನ ಹುಡುಗಿ ಕಳಿಸಿದಳಲ್ಲ ಎಂದು ನಾನು ಒಬ್ಬಳೇ ಕೂತು ಬೀಗಿದೆ.

ಸಭೆ ನಡೆದದ್ದು ಶಾಸ್ತ್ರಿ ಸರ್ಕಲ್ ಹತ್ತಿರದ ಹೋಟೆಲಿನ ಮಾಳಿಗೆಯಲ್ಲಿ. ಗೋಳಿಬಜೆ ಬಿಸಿಯಾಗಿತ್ತು, ನಮ್ಮವರ ಮುಖವೂ ಹೊಳೆಯುತ್ತಿತ್ತು. ನಮ್ಮ ಕ್ಲಬ್ಬಿಗೆ ಇನ್ನೂರ ಹನ್ನೆರಡು ಅಂಕ ಎಂದು ಅಣ್ಣಯ್ಯ ಆಗಲೇ ನಾಲ್ಕು ಜನರಿಗೆ ಹೇಳಿಯಾಗಿತ್ತು. ಲಾಗುಗಳನ್ನು ತಾಳೆ ನೋಡುವ ಕೆಲಸ ಈ ಸಲ ಬೈಂದೂರಿನ ರವಿರಾಜನದ್ದು. ಪಾಪ, ಅವನು ನನ್ನ ಮುಖ ನೋಡದೆಯೇ ಓದಿದ. "ಮೇಡಂ, ನೀವ್ ಬ್ರಹ್ಮಾವರದ ಚೇತನಾ ಅವ್ರ ಜೊತಿಗೆ ಹದ್ನಾಲ್ಕ್ ಸಂಪರ್ಕ ಬರ್ದಿರಿ. ಅವ್ರ ಲಾಗಲ್ಲಿ ನಿಮ್ಮ ಹೆಸ್ರೇ ಇಲ್ಲೆ. ಒಂದೂ ಇಲ್ಲೆ."

ನಾನು ನಗಾಡಿದೆ. ತಮಾಷೆ ಎಂದುಕೊಂಡೆ. ಆಗ ನಿಮ್ಮ ಅಧ್ಯಕ್ಷರು, ಚಂದಯ್ಯನವರು, ಜೇಬಿನಿಂದ ಒಂದು ಚೀಟಿ ತೆಗೆದರು. ನೀನೇ ಬರೆದು ಕೊಟ್ಟದ್ದು ಎಂದು ಎದ್ದು ನಿಂತು ಓದಿದರು. 'ಆ ದಿನ ಉಮಾವತಿಯವರೊಂದಿಗೆ ನನಗೆ ಸಂಪರ್ಕವೇ ಆಗಿಲ್ಲ. ಅವರು ಬೇರೆ ಯಾರನ್ನೋ ನಾನೆಂದು ಬರೆದುಕೊಂಡಿರಬಹುದು.' ಉಮಾವತಿಯವರು! ಮೂವತ್ತೆರಡು ವರ್ಷ ದೊಡ್ಡಮ್ಮ ಎಂದು ಕರೆದವಳು ನೀನು.

ಆಗಲೂ ನಾನು ಏನು ಮಾಡಿದೆ ಗೊತ್ತೇ? ಎದ್ದು ನಿಂತು ನಿನ್ನ ಪರವಾಗಿ ಮಾತಾಡಿದೆ. "ಚೇತನಾ ಸುಳ್ ಹೇಳು ಹೆಣ್ಣಲ್ಲ. ಕಂಪ್ಯೂಟರ್ ತಿಂದಿರ್ಕ್, ಅದ್ನ್ ಕಂಡ್ ಅವ್ಳಿಗೇ ಗಲಿಬಿಲಿ ಆಯಿರ್ಕ್" ಎಂದೆ. ಅಣ್ಣಯ್ಯ ನನ್ನ ಸೆರಗು ಎಳೆದು, "ಕೂಕಣಿ ಉಮಾವತಕ್ಕ, ಸಾಕ್" ಎಂದರು. ನಾನು ಕೂರಲಿಲ್ಲ. ನನ್ನ ನಿಯಮವನ್ನು ನನ್ನೆದುರೇ ಓದಿದರು. ಹದಿನಾಲ್ಕು ಅಂಕ ಕಳೆದು, ನಲವತ್ತೆರಡು ದಂಡ ಕಳೆದು, ಇಪ್ಪತ್ತೈದು ಅಂಕ ಮುಂದಿದ್ದ ಕುಂದಾಪುರ ಮೂವತ್ತೊಂದು ಅಂಕ ಹಿಂದೆ ಹೋಯಿತು. ಗೆದ್ದವರ ಕಪ್ಪನ್ನು ಚಂದಯ್ಯನವರು ಕಾರಿನಲ್ಲಿಟ್ಟುಕೊಂಡು ಹೋದರು. ಹೋಗಲಿ, ಹಿತ್ತಾಳೆಯದ್ದು. ಜನವರಿಯಲ್ಲಿ ಲೈಸೆನ್ಸ್ ಪರೀಕ್ಷೆಗೆ ಪಾಠ ಕೇಳಲು ಹನ್ನೊಂದು ಮಕ್ಕಳು ಹೆಸರು ಕೊಟ್ಟಿದ್ದಾರೆ, ಅದರಲ್ಲಿ ಎಂಟು ಹುಡುಗಿಯರು. ಸುಳ್ಳು ಲಾಗ್ ಬರೆದವಳು ಕ್ಲಬ್ಬಿನಲ್ಲಿ ಪಾಠ ಮಾಡುವಂತಿಲ್ಲ. ಆಕ್ಷೇಪ ಇದ್ದರೆ ಹತ್ತು ದಿನದೊಳಗೆ ಸಾಕ್ಷಿ ಸಮೇತ ಕೊಡಿ ಎಂದರು. ಕೆಳಗೆ ಇಳಿಯುವಾಗ ಮೆಟ್ಟಿಲಿನಲ್ಲಿ ನಿಮ್ಮ ಕಡೆಯವರು ಯಾರೋ, "ವಯಸ್ಸಾಯ್ತಲೆ, ಬಿಡಿ" ಎಂದದ್ದು ಕೇಳಿಸಿತು.

ಸಾಕ್ಷಿಗಾಗಿ ನಾನು ಹುಡುಕಲಿಲ್ಲ ಚೇತನಾ. ನಿನ್ನ ಕಂಪ್ಯೂಟರು ಎಲ್ಲಿ ತಪ್ಪಿತು ಎಂದು ತೋರಿಸಿ ನಿನ್ನನ್ನು ಪಾರು ಮಾಡೋಣ ಎಂದು ರವಿರಾಜನಿಂದ ನಿನ್ನ ಲಾಗಿನ ಪ್ರಿಂಟ್ ತರಿಸಿದೆ. ಮಂಗಳವಾರ ಬೆಳಿಗ್ಗೆ ಚಾ ಕುಡಿಯುತ್ತಾ ನಿನ್ನ ಕ್ರಮಸಂಖ್ಯೆಗಳನ್ನು ಓದುತ್ತಾ ಹೋದೆ. ಎರಡು ಆದ ಮೇಲೆ ನಾಲ್ಕು. ಎಂಟು ಆದ ಮೇಲೆ ಹತ್ತು. ಹೀಗೆ ಹದಿನಾಲ್ಕು ಕಡೆ ಅಂಕಿ ಹಾರಿದೆ. ನನ್ನ ನೋಟ್‌ಬುಕ್ ತೆಗೆದೆ. ನೀನು ನನಗೆ ಮೊದಲು ಕೊಟ್ಟ ನಂಬರು ಮೂರು, ಎರಡನೆಯದ್ದು ಒಂಬತ್ತು. ಹದಿನಾಲ್ಕೂ ಹಾಗೆಯೇ ಕೂತವು. ಉಳಿದವರಿಗೆ ಕೊಟ್ಟ ನಂಬರು ಅವರವರ ಲಾಗಿನಲ್ಲಿ ಇರುವುದರಿಂದ, ನನ್ನನ್ನು ಅಳಿಸಿದ ಮೇಲೆ ಹೊಸದಾಗಿ ನಂಬರು ಹಾಕಲು ನಿನಗೆ ಆಗಲಿಲ್ಲ. ಹಾರಿದ ಅಂಕಿ ನೋಡಿ ಎಂದು ನಾನು ನಿಯಮದಲ್ಲಿ ಬರೆದಿರಲಿಲ್ಲ, ಹಾಗಾಗಿ ಯಾರೂ ನೋಡಿರಲಿಲ್ಲ. ಕಂಪ್ಯೂಟರು ತಿಂದರೆ ಎಲ್ಲರನ್ನೂ ತಿನ್ನುತ್ತದೆ, ನನ್ನೊಬ್ಬಳನ್ನೇ ಆರಿಸಿ ತಿನ್ನುವುದಿಲ್ಲ. ಚಾ ತಣ್ಣಗಾಗಿ ಕೆನೆ ಕಟ್ಟಿತು. ನನಗೆ ಅಳು ಬಂತು, ಆಮೇಲೆ ಕೆಟ್ಟ ಸಿಟ್ಟು ಬಂತು.

ಯಾಕೆ ಮಾಡಿದೆ ಎಂದು ಕೇಳುವುದಿಲ್ಲ, ನನಗೆ ಗೊತ್ತು. ಚೌತಿಗೆ ಬಂದಾಗ ನೀನೇ ಹೇಳಿದ್ದೆ. "ಕ್ಲಬ್ಬಲ್ಲಿ ನನ್ನ ಕುಂದಾಪ್ರದ ಹೆಣ್ಣ್ ಅಂತೇಳಿ ಲೆಕ್ಕಕ್ಕೇ ಇಡೂದಿಲ್ಲ ದೊಡ್ಡಮ್ಮ. ನಾನ್ ನಿಮ್ಗೆ ಅಂಕ ಕೊಡೂಕೇ ಕೂಕಂಬೂದ್ ಅಂಬ್ರ್." ಕುಂದಾಪುರಕ್ಕೆ ಅಂಕ ಕೊಡಲಿಕ್ಕೇ ನೀನು ಕೂರುವುದು ಎಂದು ಅವರು ಆಡಿಕೊಳ್ಳುವುದನ್ನು ಕೇಳಿಯೂ ನಾನು ಕಡುಬು ಬಡಿಸುತ್ತಾ, "ಬಿಡೆ, ಹೇಳೂರಿಗೆ ಎಂತ ಕೆಲ್ಸ" ಎಂದುಬಿಟ್ಟೆ. ಅಲ್ಲಿ ನಿನಗೆ ಎಷ್ಟು ಚುಚ್ಚಿತ್ತು ಎಂದು ನಾನು ಕೇಳಬೇಕಿತ್ತು, ಕೇಳಲಿಲ್ಲ, ಅದು ನನ್ನ ತಪ್ಪು. ಆದರೆ ನೀನು ಲೆಕ್ಕ ಹಾಕಿ ಮಾಡಿದ್ದೀ. ನನ್ನನ್ನು ಅಳಿಸಿದರೆ ನಿಮಗೆ ಹದಿನಾಲ್ಕು ಅಂಕ ಹೋಗುತ್ತದೆ, ನಮಗೆ ಐವತ್ತಾರು ಹೋಗುತ್ತದೆ. ಹತ್ತು ದಾಟಿದರೆ ನನ್ನ ಗತಿ ಏನು ಎಂಬುದೂ ನಿನಗೆ ಗೊತ್ತಿತ್ತು. ಆ ನಿಯಮವನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಟ್ಟವಳು ನೀನೇ ಅಲ್ಲವೇ?

ಇವತ್ತು ಬೆಳಿಗ್ಗೆ ಬಸ್ಸು ಹಿಡಿದು ಬೈಂದೂರಿಗೆ ಹೋದೆ. ನನ್ನ ನೋಟ್‌ಬುಕ್ಕು, ನಿನ್ನ ಲಾಗಿನ ಪ್ರಿಂಟು, ಹಾರಿದ ಹದಿನಾಲ್ಕು ಅಂಕಿಗೆ ಕೆಂಪು ಗೆರೆ, ಎಲ್ಲವನ್ನೂ ರವಿರಾಜನ ಕೈಗೆ ಕೊಟ್ಟೆ. ಅವನು ಎರಡು ಸಲ ನೋಡಿದ. ಆಮೇಲೆ, "ಮೇಡಂ, ಅವ್ರ್ ನಿಮ್ಮ ತಂಗಿ ಮಗ್ಳ್ ಅಲ್ದಾ? ಒಂದ್ಸಲ ಮಾತಾಡಿ ಕಾಣಿ. ನಾನ್ ಬುಧವಾರದ ವರಿಗೆ ತೆಗ್ದಿಡ್ತೆ" ಎಂದ. ಒಳ್ಳೆಯವನು. "ಬ್ಯಾಡ, ಇವತ್ತೇ ದಾಖಲ್ ಮಾಡ್" ಎಂದು ಎದುರು ಕೂತು ರಸೀದಿ ಬರೆಸಿಕೊಂಡೆ. ದೊಡ್ಡಮ್ಮ ಅಲ್ಲವೇ, ನುಂಗಿಕೊಳ್ಳುತ್ತಾಳೆ ಎಂದುಕೊಂಡಿದ್ದೆಯೇನೋ. ನುಂಗಲಿಲ್ಲ. ನಾನು ಮಾಡಿದ್ದು ಸರಿ ಎಂದು ಗೊತ್ತಿದ್ದೂ, ಬರುವಾಗ ಬಸ್ಸಿನಲ್ಲಿ ಆ ರಸೀದಿಯನ್ನು ನಾಲ್ಕು ಸಲ ತೆಗೆದು ಓದಿದೆ.

ಇದನ್ನು ನೀನು ನನ್ನಿಂದಲೇ ತಿಳಿಯಬೇಕು ಎಂದು ಮನೆಗೆ ಬಂದವಳೇ ಬರೆಯಲು ಕೂತೆ. ನಿನ್ನ ಹಾಗೆ ಇನ್ನೊಬ್ಬರ ಜೇಬಿನಲ್ಲಿ ಚೀಟಿ ಇಟ್ಟು ಕಳಿಸುವುದು ನನಗೆ ಬರುವುದಿಲ್ಲ. ಈಗ ಒಂದು ವರ್ಷದ ಶಿಕ್ಷೆ ನಿನಗೆ ಬರಬಹುದು. ಬರಲಿ. ನಿನ್ನನ್ನು ಕರೆದು ಕೇಳುತ್ತಾರೆ, ಆಗ ಇದ್ದದ್ದು ಇದ್ದ ಹಾಗೆ ಹೇಳು, ಚಂದಯ್ಯನವರ ಮುಖ ನೋಡಬೇಡ. ಇಷ್ಟು ಮಾಡಿದ ಮೇಲೂ ನಿನಗೆ ಅಲ್ಲಿ ಯಾರಾದರೂ ಬೈದರೆ ನನಗೆ ತಡೆಯುವುದಿಲ್ಲ ಎಂಬುದು ಬೇರೆ ಮಾತು.

ಹಟ್ಟಿಯಂಗಡಿಯ ವಿನಾಯಕ ನಿನಗೆ ಆರೋಗ್ಯ ಕೊಡಲಿ, ಸುಳ್ಳಿಗೆ ಹೆದರುವ ಬುದ್ಧಿ ಕೊಡಲಿ, ನಿನ್ನ ಸಂಸಾರ ತಂಪಾಗಿರಲಿ. ಬಸಳೆಯಲ್ಲಿ ಅರ್ಧ ತೆಗೆದಿಟ್ಟಿದ್ದೇನೆ, ನಿನ್ನ ಅಮ್ಮ ಅಲ್ಲಿಗೆ ಬರುವಾಗ ಕೊಟ್ಟು ಕಳಿಸುತ್ತೇನೆ.

ಇಂತು,
ನಿನ್ನ ದೊಡ್ಡಮ್ಮ
ಉಮಾವತಿ

ತಾ.ಕ.: ಚೀಟಿಯಲ್ಲಿದ್ದ ಮೂರನೆಯ ಸಾಲನ್ನು ನಾನು ಮೇಲೆ ಬರೆಯಲಿಲ್ಲ. ರವಿರಾಜನಿಗೆ ಕೊಟ್ಟ ಆಕ್ಷೇಪದಲ್ಲೂ ಬರೆಯಲಿಲ್ಲ, ಯಾಕೆಂದರೆ ಅದು ನಿಜ. 'ಉಮಾವತಿಯವರಿಗೆ ಎಡಗಿವಿ ಕೇಳುವುದಿಲ್ಲ, ಡಾಕ್ಟರು ಮೆಷಿನ್ ಹಾಕಿಸಿಕೊಳ್ಳಲು ಹೇಳಿದ್ದಾರೆ.' ಚಂದಯ್ಯನವರು ಅದನ್ನು ಎರಡು ಸಲ ಓದಿದರು, ನನಗೆ ಕೇಳಿಸಲಿಲ್ಲವೇನೋ ಎಂದು ಎರಡನೇ ಸಲ ಗಟ್ಟಿಯಾಗಿ ಓದಿದರು. ಜೂನ್‌ನಲ್ಲಿ ಡಾಕ್ಟರ ಹತ್ತಿರ ನನ್ನನ್ನು ಕರೆದುಕೊಂಡು ಹೋದವಳು ನೀನು. ಬರುವಾಗ ರಿಕ್ಷಾದಲ್ಲಿ ನಾನು ನಿನ್ನ ಕೈ ಹಿಡಿದು, ಇದು ಯಾರಿಗೂ ಗೊತ್ತಾಗುವುದು ಬೇಡ, ಕಿವಿಯಿಂದಲೇ ಬದುಕಿದವಳು ನಾನು ಎಂದಿದ್ದೆ. "ದೇವ್ರಾಣೆ ಹೇಳೂದಿಲ್ಲ ದೊಡ್ಡಮ್ಮ" ಎಂದು ನೀನು ನನ್ನ ಹೆಗಲಿಗೆ ತಲೆಯಿಟ್ಟಿದ್ದೆ. ಅಂಕ ಕದ್ದದ್ದನ್ನು ನಾನು ಬರುವ ಚೌತಿಯೊಳಗೆ ಮರೆತೇನು. ಆದರೆ ಸಭೆಯ ದಿನದಿಂದ ಅಣ್ಣಯ್ಯ ನನ್ನ ಹತ್ತಿರ ಕೂಗಿ ಮಾತಾಡುತ್ತಾರೆ. ಮೊನ್ನೆ ಮೀನು ತಂದ ಗುಲಾಬಿಯೂ ಗೇಟಿನ ಹತ್ತಿರ ನಿಂತು ಕೂಗಿದಳು. ನನ್ನ ತಂಗಿಗೂ ಹೇಳದೆ ನಾನು ಅದನ್ನು ಹೇಳಿದ್ದು ನಿನ್ನೊಬ್ಬಳಿಗೆ, ಚೇತನಾ.