ಗಿರ್ಮಿಟ್ ಮಾಡುವಷ್ಟರಲ್ಲಿ ಒಳಹೊಕ್ಕ ಕಿವಿ

ಬೆಟಗೇರಿ,
ಮನೆಮತಿ ಶಕೆ ತೊಂಬತ್ತೊಂದು, ಶ್ರಾವಣದ ಮೂವತ್ತೆಂಟನೆಯ ದಿನ

ಪೂಜ್ಯ ನೀಲಗಂಗವ್ವ ಅಕ್ಕೋರಿಗೆ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ತಲೆಕೆಟ್ಟವಳು ಬರೆದಿದ್ದಾಳೆ ಅಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಮಳೆ ಮುಗಿಯುವ ತನಕ ಶ್ರಾವಣ ಮುಗಿಯುವುದಿಲ್ಲ. ಈ ವರ್ಷ ಮೋಡ ಕದಲುವ ಲಕ್ಷಣವೇ ಇಲ್ಲ, ಹಾಗಾಗಿ ಮೂವತ್ತೆಂಟು. ನಿಮ್ಮ ಲೆಕ್ಕಕ್ಕೆ ಇದು ೨೧೬೭ನೇ ಇಸವಿ. ನಿಮಗಿದು ಸಿಗುವುದು ೨೦೧೧ರ ಜುಲೈ ತಿಂಗಳ ಒಂದು ಶನಿವಾರ ಮುಂಜಾನೆ, ಬಾಗಿಲ ಸಂದಿಯಲ್ಲಿ. ನನ್ನ ಮಾತಿನಲ್ಲಿ ವಿಚಿತ್ರ ಶಬ್ದಗಳು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದೇ ನಿಮ್ಮ ನೀಲಿ ರಟ್ಟಿನ ದಿನಚರಿಯಿಂದ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಈ ಕಾಗದ ಹಿಡಿದು ಕಂಪ್ಯೂಟರಿನ ಮುಂದೆ ಕೂತಿದ್ದರೆ ದಯಮಾಡಿ ಎದ್ದು ಅಡುಗೆಮನೆಗೆ ಹೋಗಿ. ನೀವು ಕಸೂತಿ ಬಟ್ಟೆ ಹೊದಿಸಿ ಜೋಪಾನ ಮಾಡಿದ ಆ ಯಂತ್ರದೊಳಗೆ ಮಂಗಳವಾರದಿಂದ ಒಂದು ಕಿವಿ ಕೂತಿದೆ. ಕಣ್ಣೂ ಇದೆ. ಅದಕ್ಕೆ ಕಾಗದ ಕಾಣಿಸಬಾರದು.

ನಾನು ಯಾರೆಂದು ಹೇಳುವ ಮುಂಚೆ ನನ್ನ ಕಸುಬು ಹೇಳುತ್ತೇನೆ. ನಮ್ಮ ಮನೆಗಳ ಗೋಡೆಯಲ್ಲೇ ಒಂದು ಬುದ್ಧಿ ಇರುತ್ತದೆ. ಅದಕ್ಕೆ ಮನೆಮತಿ ಅನ್ನುತ್ತೇವೆ. ಬೇಳೆ ಉಕ್ಕಿದರೆ ಕೂಗುತ್ತದೆ, ಅಜ್ಜ ಗುಳಿಗೆ ನುಂಗದಿದ್ದರೆ ಗದರುತ್ತದೆ, ಕಪ್ಪತಗುಡ್ಡದ ಕಡೆಯಿಂದ ಗಾಳಿ ಎದ್ದರೆ ಕಿಟಕಿ ಮುಚ್ಚುತ್ತದೆ. ರೊಟ್ಟಿ ಮಾತ್ರ ಇನ್ನೂ ನಾವೇ ಬಡಿಯುತ್ತೇವೆ, ಅದರ ಕೈಲಿ ಆಗಿಲ್ಲ. ಇಂಥ ಬುದ್ಧಿಯೊಳಗೆ ಯಾರಾದರೂ ಕಳ್ಳತನದಿಂದ ಇನ್ನೊಂದು ಕಿವಿ ಇಟ್ಟರೆ ಹುಡುಕಿ ತೆಗೆಯುವ ಹೆಂಗಸರಿದ್ದಾರೆ. ಸೂಲಗಿತ್ತಿ ಇದ್ದ ಹಾಗೆ ನಾವು ಹೊಸ್ತಿಲಗಿತ್ತಿಯರು. ಬಗಲಿಗೊಂದು ಚೀಲ ಹಾಕಿಕೊಂಡು ಮನೆಮನೆ ಅಲೆಯುವ ಕೆಲಸ. ದಿನಕ್ಕೆ ಏಳೆಂಟು ಕಪ್ ಚಹಾ ಆಗುತ್ತದೆ. ಹೋದ ವಾರ ಹೊಂಬಳದ ಒಬ್ಬ ಅಜ್ಜಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, "ಕೇಳಿದ್ರ ಕೇಳ್ಲಿ ಬಿಡವ್ವಾ, ಈ ವಯಸ್ಸಿನ್ಯಾಗ ನಂದೇನು ಗುಟ್ಟದ?" ಅಂದಳು. "ನಿಂದಿಲ್ಲ ಅಜ್ಜಿ, ನಿನ್ನ ಸೊಸಿದು ಇರ್ತದಲ್ಲ" ಅಂದೆ. ಸೊಸೆ ಒಳಗಿನಿಂದ ಬಂದು ನನ್ನ ಚೀಲ ಇಸಿದುಕೊಂಡು ಒಳಗೆ ಕರೆದಳು.

ನಿಮ್ಮ ಮನೆಯಲ್ಲೂ ಗುಟ್ಟು ನಿಮ್ಮದಲ್ಲ, ಫಕೀರವ್ವನದು. ಹಿಂದಿನ ಓಣಿಯ ಫಕೀರವ್ವ, ಮೈಮೇಲೆ ಬಾಸುಂಡೆ ಮುಚ್ಚಿಕೊಂಡು ನಾಲ್ಕು ವರ್ಷದ ನಿಂಬೆವ್ವನನ್ನು ಸೊಂಟಕ್ಕೆ ಏರಿಸಿಕೊಂಡು ಗುರುವಾರ ನಿಮ್ಮಲ್ಲಿಗೆ ಬಂದಳು. ಶಾಲೆಯಿಂದ ನಿವೃತ್ತರಾದ ಮೇಲೆ ಓಣಿಯ ಹೆಂಗಸರ ಅರ್ಜಿ ಟೈಪ್ ಮಾಡಿಕೊಡುವುದು ನಿಮ್ಮ ಪಾಲಿನ ವ್ರತದಂತೆ ಆಗಿತ್ತು. ಗಂಡನ ಮೇಲಿನ ಅವಳ ದೂರನ್ನು ನೀವು ಟೈಪ್ ಮಾಡಿದಿರಿ. ಮಾರನೇ ದಿನ ಅವಳ ಗಂಡ ಉಣ್ಣಲು ಕೂತವನು ಆ ದೂರಿನ ಒಂದು ವಾಕ್ಯವನ್ನು ಅಕ್ಷರ ತಪ್ಪದೆ ಅವಳ ಮುಖಕ್ಕೇ ಹೇಳಿ ನಕ್ಕ. ನಿಮ್ಮಿಬ್ಬರನ್ನು ಬಿಟ್ಟರೆ ಆ ವಾಕ್ಯ ಗೊತ್ತಿದ್ದದ್ದು ಕಂಪ್ಯೂಟರಿಗೆ ಮಾತ್ರ. ಅವಳು ಓಡಿ ಬಂದು ನಿಮಗೆ ಹೇಳಿದಳು ಎಂದು ದಿನಚರಿಯಲ್ಲಿದೆ. ಶುಕ್ರವಾರದ ಆ ಪುಟದಲ್ಲಿ "ನಂದ ತಪ್ಪು, ನಂದ ತಪ್ಪು" ಎಂದು ನಾಲ್ಕು ಸಲ ಬರೆದಿದ್ದೀರಿ.

ಅಲ್ಲ ಅಕ್ಕೋರೆ. ಆ ಪುಟ ಓದಿದಾಗಲೆಲ್ಲ ನಿಮ್ಮ ಕೈ ಹಿಡಿದುಕೊಳ್ಳಬೇಕು ಅನಿಸುತ್ತದೆ. ನಡೆದದ್ದು ಇಷ್ಟೇ. ಮಂಗಳವಾರ ಪ್ರಿಂಟರ್ ರಿಪೇರಿಗೆ ಶೇಖಪ್ಪ ಬಂದ. ಅವನು ಫಕೀರವ್ವನ ಗಂಡನ ಸೋದರತ್ತೆಯ ಮಗ ಎಂದು ನಿಮಗೆ ಗೊತ್ತಿರಲಿಲ್ಲ. ದುಡಿಯುವವನ ಬೆನ್ನ ಹಿಂದೆ ಕಾವಲು ಕೂತು ಅವಮಾನ ಮಾಡುವುದು ನಿಮಗೆ ಹೇಳಿಕೊಟ್ಟ ರೀತಿಯಲ್ಲ, ಬಂದವರನ್ನು ಖಾಲಿ ಹೊಟ್ಟೆಯಲ್ಲಿ ಕಳಿಸುವುದೂ ಅಲ್ಲ. "ಕುಂದ್ರಪಾ, ಗಿರ್ಮಿಟ್ ಮಾಡ್ಕೊಂಡು ಬರ್ತೀನಿ" ಎಂದು ಒಳಗೆ ಹೋದಿರಿ. ಉಳ್ಳಾಗಡ್ಡಿ ಹೆಚ್ಚಿ, ಹುಣಸೆ ಹುಳಿ ಕುದಿಸಿ, ಚುರುಮರಿ ಕಲಸಿ, ಮೇಲೆ ಪುಠಾಣಿ ಹಿಟ್ಟು ಉದುರಿಸಿ ತರಲು ಇಪ್ಪತ್ತು ನಿಮಿಷ. ಕಿವಿ ಹೊಕ್ಕಿದ್ದು ಅಷ್ಟರಲ್ಲಿ. ಆಮೇಲೆ ಎರಡು ಪ್ಲೇಟು ತಿಂದು ಹೋದನಂತಲ್ಲ, ನಾಚಿಕೆಗೆಟ್ಟವನು! ತಪ್ಪು ಬಡಿಸಿದವರದೋ ಉಂಡವನದೋ, ನೀವೇ ಹೇಳಿ. ಇವತ್ತಿಗೂ ನಮ್ಮ ಕಸುಬಿನ ಮೊದಲ ಪಾಠದ ಹೆಸರು ಗಿರ್ಮಿಟ್ ಪಾಠ. ಯಂತ್ರವನ್ನು ಯಾರೇ ಬಿಚ್ಚಲಿ, ಮನೆಯವರೊಬ್ಬರು ಪಕ್ಕದಲ್ಲಿ ಕೂತಿರಬೇಕು, ತಿಂಡಿಯನ್ನು ಪಕ್ಕದ ಮನೆಯವರು ಮಾಡಿ ತರಬೇಕು. ನೆರೆಯವರು ಬೈದುಕೊಂಡಾದರೂ ತರುತ್ತಾರೆ.

ಇನ್ನು ನೀವು ನಿನ್ನೆ ಮಾಡಿದ್ದು. ಗಾಬರಿಯಲ್ಲಿ ಅದೇ ಕಂಪ್ಯೂಟರಿನಲ್ಲಿ ಬೇಹು ತಂತ್ರಾಂಶ ತೆಗೆಯುವುದು ಹೇಗೆ ಎಂದು ಹುಡುಕಿದಿರಿ. ಅರ್ಧ ಗಂಟೆಯೊಳಗೆ ಶೇಖಪ್ಪನ ಫೋನು. "ಅಕ್ಕೋರ, ಕಂಪ್ಯೂಟರ್ ಸ್ಲೋ ಆಗೇತೇನ್ರಿ? ನಾಳೆ ಸಂಜಿಗೆ ಬಂದು ನೋಡ್ಲೇನ್ರಿ?" ನೀವು ದಿನಚರಿಯಲ್ಲಿ "ಎಷ್ಟು ಕಾಳಜಿ ಮನಶಾ, ಹೇಳದ ಗೊತ್ತಾತು ನೋಡು" ಎಂದು ಬರೆದಿದ್ದೀರಿ. ಅಯ್ಯೋ ನನ್ನ ತಾಯಿ, ಹೇಳದೆ ಗೊತ್ತಾಗಲಿಲ್ಲ. ನೀವು ಒತ್ತಿದ ಒಂದೊಂದು ಅಕ್ಷರವೂ ಅವನ ಮನೆಗೆ ಹೋಗಿ ಬಿದ್ದಿತ್ತು. ಕಳ್ಳನ ಎದುರಿಗೇ ನಿಂತು ಬೀಗದ ಅಂಗಡಿ ಎಲ್ಲಿದೆ ಎಂದು ಕೇಳಿದ ಹಾಗಾಯಿತು.

ಆಮೇಲೆ, ಬೇಹು ತೆಗೆಯುತ್ತೇವೆ ಎಂದ ಮೂರು ತಂತ್ರಾಂಶ ಉಪಕರಣಗಳನ್ನೂ ಒಟ್ಟಿಗೆ ಹಾಕಿಕೊಂಡಿರಿ. ಒಂದಾದರೂ ಕೆಲಸ ಮಾಡೀತು ಎಂಬ ಆಸೆ ನಿಮಗೆ. ಇಬ್ಬರು ಕಾವಲುಗಾರರನ್ನು ಒಂದೇ ಬಾಗಿಲಿಗೆ ನಿಲ್ಲಿಸಿದರೆ ಅವರು ಒಬ್ಬರನ್ನೊಬ್ಬರು ಕಳ್ಳರೆಂದು ಹಿಡಿದು ಗುದ್ದಾಡುತ್ತಾರೆ, ಯಂತ್ರ ಆಗಾಗ ನಿಲ್ಲುತ್ತಿರುವುದು ಅದಕ್ಕೇ. ಮೂರನೆಯದು ಕಾವಲುಗಾರನೇ ಅಲ್ಲ. ಕೆಂಪು ಅಕ್ಷರದಲ್ಲಿ ಮುನ್ನೂರು ಕಳ್ಳರಿದ್ದಾರೆಂದು ಬೊಬ್ಬೆ ಹೊಡೆಯುತ್ತಿದೆಯಲ್ಲ, ಅದು. ನೀವು ಹುಡುಕಿಕೊಂಡು ಹೋದದ್ದಲ್ಲ ಅದು, ತಾನಾಗಿಯೇ ಎದುರಿಗೆ ಬಂದು ಕೈಮುಗಿದದ್ದು. ಮನೆಗೆ ಬಂದವರಿಗೆ ಒಲ್ಲೆ ಅನ್ನಲಾಗದೆ ನೀವು ಹೂಂ ಒತ್ತಿದಿರಿ. ಈಗ "ಎಲ್ಲ ತೆಗೆದುಹಾಕು" ಎಂಬ ಅದರ ಗುಂಡಿ ಒತ್ತುವ ಯೋಚನೆಯಲ್ಲಿದ್ದೀರಿ.

ಒತ್ತಬೇಡಿ. ಸೋಮವಾರ ಮುಂಜಾನೆ ಫಕೀರವ್ವ ಮಗಳನ್ನು ಕರೆದುಕೊಂಡು ದೂರದ ಊರಿನ ಚಿಕ್ಕಮ್ಮನ ಮನೆಗೆ ಹೊರಡಬೇಕು. ಗುಂಡಿ ಒತ್ತಿದರೆ ಯಂತ್ರ ಸ್ವಚ್ಛವಾಗುತ್ತದೆ ಎಂದುಕೊಂಡು, ಆ ಚಿಕ್ಕಮ್ಮನಿಗೆ ಬರೆಯುವ ಪತ್ರವನ್ನು ಇವತ್ತು ಮಧ್ಯಾಹ್ನ ಟೈಪ್ ಮಾಡಬೇಕೆಂದಿದ್ದೀರಿ. ಈಗ ಕಿವಿಯನ್ನು ಕಿತ್ತರೆ ಶೇಖಪ್ಪನಿಗೆ ತಕ್ಷಣ ಗೊತ್ತಾಗುತ್ತದೆ, ಗಂಡ ಸೋಮವಾರದ ತನಕ ಕಾಯುವುದಿಲ್ಲ. ಕೀಳದೆ ಪತ್ರ ಟೈಪ್ ಮಾಡಿದರೆ ಊರಿನ ಹೆಸರು ಅವನ ಕೈಗೆ ಹೋಗುತ್ತದೆ. ಅದಕ್ಕೇ ಹೇಳುತ್ತೇನೆ, ಕಿವಿ ಎರಡು ದಿನ ಅಲ್ಲೇ ಇರಲಿ. ಅದಕ್ಕೆ ಸುಳ್ಳು ಹೇಳಿ. ಚಿಕ್ಕಮ್ಮ ವಿಜಾಪುರದಲ್ಲಿದ್ದಾಳೆ, ಸೋಮವಾರ ಎಂಟರ ಬಸ್ಸಿಗೆ ಇವರು ಬರುತ್ತಾರೆ ಎಂದು ಒಂದು ಪತ್ರ ಟೈಪ್ ಮಾಡಿ. ಓಣಿಯವರ ಮುಂದೆ ತಡೆಯುವುದಕ್ಕಿಂತ ಅಲ್ಲಿ ಬಸ್ಸಿನಿಂದ ಇಳಿಯುವಾಗ ಹಿಡಿಯಲು ಗಂಡ ಮುಂಚೆಯೇ ಹೋಗಿ ಕಾಯುತ್ತಾನೆ, ಅಷ್ಟರಲ್ಲಿ ಇವರು ಬೇರೆ ಊರಿನ ಬಸ್ಸು ಹತ್ತಲಿ. ಮೂವತ್ತು ವರ್ಷ ಮಕ್ಕಳಿಗೆ ನಿಜ ಹೇಳಲು ಕಲಿಸಿದವರಿಗೆ ಇದು ಕಷ್ಟ, ಆದರೂ ಮಾಡಿ. ನಿಜವಾದ ಪತ್ರವನ್ನು ಪೆನ್ನಿನಲ್ಲಿ ಬರೆದು ಫಕೀರವ್ವನ ಕೈಗೇ ಕೊಡಿ. ಆ ಊರಿನ ಹೆಸರನ್ನು ನಾನು ಇಲ್ಲಿಯೂ ಬರೆಯುವುದಿಲ್ಲ. ಶೇಖಪ್ಪನಿಗೆ ಫೋನು ಮಾಡಿ, "ಈಗ ಸರಿ ಆಗೇತಪಾ, ಬರೂದು ಬ್ಯಾಡ" ಅನ್ನಿ, ದನಿ ನಡುಗದ ಹಾಗೆ.

ತಾಯಿ ಮಗಳು ಊರು ಮುಟ್ಟಿದ ಸುದ್ದಿ ಬಂದ ಮೇಲೆ ಸ್ವಚ್ಛ ಮಾಡುವ ಕೆಲಸ. ಮೊದಲು ಇಂಟರ್ನೆಟ್ಟಿನ ವೈರು ಕೀಳಿ. ನಿಮ್ಮ ಹಳೇ ಶಾಲೆಯ ಕಂಪ್ಯೂಟರ್ ಕೋಣೆಗೆ ಹೋಗಿ, ಒಂದೇ ಒಂದು ಉಪಕರಣವನ್ನು, ಅದನ್ನು ಮಾಡಿದವರ ಸ್ವಂತ ಜಾಗದಿಂದಲೇ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತನ್ನಿ. ಯಾವುದು ಎಂದು ಹೆಸರು ಹೇಳಿದರೆ ಅದು ನಿಮ್ಮ ಕಾಲಕ್ಕೇ ಹಳತಾದೀತು. ಆರಿಸುವ ಬಗೆ ಹೇಳುತ್ತೇನೆ. ಹೊಸ ಉಪಕರಣ ಮನೆಯೊಳಗೆ ಬರುವಾಗ ನಾವು ಹೊಸ್ತಿಲಲ್ಲೇ ನಿಲ್ಲಿಸಿ ಕೇಳುತ್ತೇವೆ: ನಿನ್ನನ್ನು ಕರೆದವರು ಯಾರು? ಈ ಮನೆಯಿಂದ ಏನನ್ನು ಹೊರಗೆ ಒಯ್ಯುತ್ತೀ? ಹೋಗು ಅಂದರೆ ಹೋಗುತ್ತೀಯಾ? ಈ ಪ್ರಶ್ನೆಗಳು ನಿಮ್ಮವೇ, ಇನ್ನು ಮುಂದೆ ನೀವು ಬರೆಯಲಿರುವ ದಿನಚರಿಯ ಕೊನೆಯ ಪುಟದಲ್ಲಿ ನಿಮ್ಮ ಕೈಬರಹದಲ್ಲೇ ಇವೆ. ಸಿಕ್ಕಿದ್ದನ್ನು ತೋರಿಸಿ, ತೆಗೆಯಲೇ ಎಂದು ಕೇಳಿ, ನಿಮ್ಮ ಮಾತಿಗೆ ಕಾಯುವಂಥದ್ದನ್ನೇ ಆರಿಸಿ. ಅದು ತೋರಿಸಿದ ಪಟ್ಟಿಯ ಫೋಟೋ ತೆಗೆಸಿ ಫಕೀರವ್ವನ ದೂರು ನೋಡುವ ವಕೀಲರ ಕೈಗೆ ಕೊಟ್ಟ ಮೇಲೆಯೇ ಅಳಿಸಿ, ಮುಂದೆ ಕೋರ್ಟಿನಲ್ಲಿ ಬೇಕಾಗುತ್ತದೆ. ಪಾಸ್‌ವರ್ಡುಗಳನ್ನು ಶಾಲೆಯ ಯಂತ್ರದಿಂದ ಬದಲಿಸಿ. ಅಷ್ಟಾದರೂ ಮನಸ್ಸಿಗೆ ಸಮಾಧಾನವಿಲ್ಲದಿದ್ದರೆ ಪತ್ರ, ಫೋಟೋ ಮಾತ್ರ ಎತ್ತಿಟ್ಟುಕೊಂಡು ಉಳಿದದ್ದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿಸಿ. ಹಾಕುವವರ ಪಕ್ಕದಲ್ಲೇ ಕೂತಿರಿ.

ಈ ಪತ್ರ ನಿಮಗೆ ಹೇಗೆ ಬಂತು ಎಂದರೆ, ನಮ್ಮಲ್ಲಿ ಹಿನ್ನಂಚೆ ಎಂಬುದಿದೆ. ಹಿಂದಿನ ಕಾಲಕ್ಕೆ ಪತ್ರ ಒಯ್ಯುತ್ತದೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಹೆಚ್ಚಿನವರು ತೀರಿಕೊಂಡ ತಮ್ಮವರಿಗೆ ಬರೆಯುತ್ತಾರೆ. ನಾನೂ ನಮ್ಮವ್ವನಿಗೇ ಬರೆಯಬೇಕೆಂದಿದ್ದೆ. ನಾನು ಒಂಬತ್ತು ವರ್ಷದವಳಿದ್ದಾಗ ಹೋದಳು, ಹೇಳುವುದು ಬೇಕಾದಷ್ಟಿತ್ತು. ನಿಮಗೆ ಬರೆಯಲು ಕೂತಾಗ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ. ಆದರೆ ಈ ಪತ್ರ ಹೋಗದಿದ್ದರೆ ನಮ್ಮವ್ವನೂ ಇರುವುದಿಲ್ಲ, ನಾನೂ ಇರುವುದಿಲ್ಲ. ಸೊಂಟದ ಮೇಲೆ ಕೂತು ನಿಮ್ಮ ಕೀಬೋರ್ಡಿಗೆ ಕೈಹಾಕಿದ ಆ ನಿಂಬೆವ್ವ ಇದ್ದಾಳಲ್ಲ, ಅವಳು ನನ್ನ ಮುತ್ತಜ್ಜಿಯ ಅಜ್ಜಿ. ಸೋಮವಾರ ವಿಜಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಗಂಡಸರು ಸಂಜೆಯ ತನಕ ಕಾದು ಬರಿಗೈಯಲ್ಲಿ ವಾಪಸಾದರು ಎಂದು ಅವಳು ತೊಂಬತ್ತರ ಮುಪ್ಪಿನಲ್ಲೂ ನಕ್ಕುಕೊಂಡು ಹೇಳುತ್ತಿದ್ದಳಂತೆ.

ನಿಂಬೆವ್ವನ ಕೈಸೇರಿ ನಮ್ಮ ಮನೆಯಲ್ಲುಳಿದ ನಿಮ್ಮ ದಿನಚರಿಯ ಶನಿವಾರದ ಪುಟ ನನಗೆ ಬಾಯಿಪಾಠ. "ಮುಂಜಾನೆ ಬಾಗಲ ಸಂದ್ಯಾಗ ಒಂದು ಕಾಗದ ಸಿಕ್ತು. ಓದಿ ಬಚ್ಚಲ ಒಲಿಗೆ ಹಾಕಿದೆ. ಬರದಾಕಿ ಯಾರೋ ಏನೋ, ಆಕಿ ಹೊಟ್ಟಿ ತಣ್ಣಗಿರ್ಲಿ." ಬರೆದವಳು ಯಾರೆಂದು ನಮ್ಮ ಮನೆತನದಲ್ಲಿ ಆರು ತಲೆಮಾರು ಕೇಳಿಕೊಂಡು ಬಂದರು. ಯಾರೂ ನಾನೆನ್ನಲಿಲ್ಲ. ಹೋದ ತಿಂಗಳು ನನಗೆ ನಲವತ್ತು ತುಂಬಿತು, ಹಿನ್ನಂಚೆಯವರು ನನ್ನ ಪಾಲಿನ ಕಾಗದ ಕೊಟ್ಟರು. ಬರೆದವಳು ನಾನೇ ಎಂದು ಆಗ ಗೊತ್ತಾಯಿತು.

ನನ್ನ ಹೊಟ್ಟೆ ತಣ್ಣಗಿದೆ, ಅಕ್ಕೋರೆ. ಇನ್ನು ಇದನ್ನು ಒಲೆಗೆ ಹಾಕಿ.

ನಿಮ್ಮ ಹೆಸರನ್ನೇ ಹೊತ್ತ,
ನೀಲಗಂಗಾ, ಹೊಸ್ತಿಲಗಿತ್ತಿ