ಆಲಂ ರಾಕ್‌ನವರ ಡಾಕ್ಟರ್ ಭಾಯಿ

ಮೋಸ್ಲಿ, ಬರ್ಮಿಂಗ್‌ಹ್ಯಾಮ್
೮ ಅಕ್ಟೋಬರ್ ೨೦೨೫, ಬುಧವಾರ

ಪ್ರೀತಿಯ ತಮ್ಮ ದಿನ್ಯಾ,

ನೀನು, ಪೂಜಿತಾ, ಅನೀಶ್ ಮೂವರೂ ಆರಾಮವಾಗಿದ್ದೀರಿ ಎಂದುಕೊಂಡು ಬರೆಯಲು ಕೂತಿದ್ದೇನೆ. ನಾನಂತೂ ಆರಾಮ, ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ತಕರಾರು ತೆಗೆಯುತ್ತದೆ. ಈ ಪತ್ರವನ್ನು ಯಾವಾಗಲೋ ಬರೆಯಬೇಕಿತ್ತು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಮೆಸೇಜು ಕಳಿಸಿದರೆ ನೋಡುವುದಿಲ್ಲ. ಅಂಚೆಯವನು ಬಾಗಿಲ ಕಿಂಡಿಯಿಂದ ಒಳಗೆ ತಳ್ಳುವ ಲಕೋಟೆಯನ್ನು ಬ್ಲಾಕ್ ಮಾಡಲು ಬರುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲು ಮೂರು ವರ್ಷ ಬೇಕಾಯಿತು ನೋಡು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಅಕ್ಷರ ಸೊಟ್ಟಗಿದ್ದರೆ ಅದಕ್ಕೂ ಬೇಜಾರು ಬೇಡ, ಕೈಯಲ್ಲಿ ಕನ್ನಡ ಬರೆದು ಬಹಳ ದಿನವಾಯಿತು. ಡಾಕ್ಟರಾದ ನೀನು ಇನ್ನೊಬ್ಬರ ಅಕ್ಷರದ ಬಗ್ಗೆ ಮಾತಾಡುವ ಹಾಗೂ ಇಲ್ಲ ಬಿಡು.

ಮೊದಲು ಸುದ್ದಿ. ನಮ್ಮ ಪತ್ರಿಕೆ ಇಲ್ಲಿನ ಕಚೇರಿಯನ್ನು ಮುಚ್ಚುತ್ತಿದೆ. ತಿಂಗಳ ಕೊನೆಗೆ ನನ್ನ ಕೆಲಸವೂ ಮುಗಿಯುತ್ತದೆ. ಅಯ್ಯೋ ಅನ್ನಬೇಡ. ಪಾಕಿಸ್ತಾನದಿಂದ, ಬಾಂಗ್ಲಾದೇಶದಿಂದ, ಯೆಮೆನ್ ಸೊಮಾಲಿಯಾಗಳಿಂದ ಬಂದು ಈ ಕಡೆ ನೆಲೆಸಿದ ಮುಸ್ಲಿಂ ಕುಟುಂಬಗಳ ಸುದ್ದಿ ಬರೆಯುವ ಕೆಲಸವೊಂದನ್ನೇ ಹಿಡಿದು, ತಲೆ ನರೆಯುವವರೆಗೆ ದುಡಿಯುವ ಭಾಗ್ಯ ಈ ಕಾಲದಲ್ಲಿ ಎಷ್ಟು ವರದಿಗಾರರಿಗೆ ಸಿಕ್ಕೀತು? ನನಗೆ ಸಿಕ್ಕಿತು. ಹೊಟ್ಟೆತುಂಬ ಉಂಡು ಎದ್ದ ಹಾಗಿದೆ ನನಗೆ.

ಇನ್ನು ಈ ಪತ್ರದ ಕಾರಣ. ಬರುವ ೧೮ರ ಶನಿವಾರ ಮಧ್ಯಾಹ್ನ ಇಲ್ಲಿನ ಆಲಂ ರಾಕ್ ಬಡಾವಣೆಯ ಹೆಂಗಸರೆಲ್ಲ ಸೇರಿ ಅಲ್ಲಿನ ಸಮುದಾಯ ಭವನದಲ್ಲಿ ನನಗೆ ಬೀಳ್ಕೊಡುಗೆಯ ಊಟ ಹಾಕುತ್ತಿದ್ದಾರೆ. ಅದಕ್ಕೆ ನೀನು ಬರಬೇಕು. ನಿಮ್ಮ ಶೆಫೀಲ್ಡ್ ಕನ್ನಡ ಸಂಘದ ದೀಪಾವಳಿ ಕಾರ್ಯಕ್ರಮ ಭಾನುವಾರ ಎಂದು ನನಗೆ ಗೊತ್ತು, ಆದ್ದರಿಂದ ಆ ನೆಪ ನಡೆಯುವುದಿಲ್ಲ. ಹೇಗೆ ಗೊತ್ತು ಎಂದು ಕೇಳಬೇಡ. ಸುದ್ದಿಯ ಮೂಲವನ್ನು ನಮ್ಮ ವೃತ್ತಿಯಲ್ಲಿ ಯಾರಿಗೂ ಹೇಳುವುದಿಲ್ಲ. ಹೆಂಡತಿಯನ್ನಂತೂ ಬೈಯಬೇಡ, ಪೂಜಿತಾ ಎಂದು ನಾನು ಹೇಳಿಲ್ಲ.

ಈ ಕೆಲಸ ಸಿಕ್ಕ ದಿನ ನಿನಗೆ ನೆನಪಿರಬೇಕು. ಶೆಫೀಲ್ಡ್‌ನಲ್ಲಿ ನನ್ನ ಕೋರ್ಸು ಮುಗಿದಿತ್ತು. ಸಂದರ್ಶನದ ಹಿಂದಿನ ದಿನ ಹಿಮ ಬಿದ್ದು ರೈಲುಗಳು ನಿಂತಿದ್ದವು. ನೀನಾಗ ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರು. ಯಾರದೋ ಕೈಕಾಲು ಹಿಡಿದು ಡ್ಯೂಟಿಯ ರೋಟಾ ಬದಲಿಸಿಕೊಂಡು, ಹೀಟರ್ ಕೆಟ್ಟ ನಿನ್ನ ಡಬ್ಬಾ ಕಾರಿನಲ್ಲಿ ನನ್ನನ್ನು ಬರ್ಮಿಂಗ್‌ಹ್ಯಾಮ್‌ಗೆ ಕರೆತಂದೆ. ನಾನು ಒಳಗೆ ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದಾಗ ನೀನು ಕಾರ್ ಪಾರ್ಕಿನಲ್ಲಿ ಟೋಪಿ ಎಳೆದುಕೊಂಡು ನಿದ್ದೆ ಹೊಡೆಯುತ್ತಿದ್ದೆ. ಕೆಲಸ ಸಿಕ್ಕಿತು ಎಂದು ಹೇಳಿದರೆ ನೀನು, “ನನಗ ಗೊತ್ತಿತ್ತು ಬಿಡಕ್ಕಾ, ಈಗ ಊಟಕ್ಕ ನಡಿ” ಅಂದೆ. ನನ್ನ ದುಡಿಮೆಯ ಮೊದಲ ಋಣ ನಿನ್ನದು. ಶನಿವಾರ ಎಲ್ಲರೆದುರು ಅದನ್ನು ಹೇಳಬೇಕೆಂದಿದ್ದೇನೆ.

ಸಂಪಾದಕರು ನನ್ನನ್ನು ಆಲಂ ರಾಕ್‌ಗೆ ಹಾಕಿದ್ದು ಪೂರಾ ತಪ್ಪು ತಿಳುವಳಿಕೆಯಿಂದ. “ನಿನಗೆ ಅವರ ಭಾಷೆ ಬರುತ್ತದಲ್ಲ” ಅಂದರು. ನನಗೆ ಬರುತ್ತಿದ್ದದ್ದು ವಿಜಯಪುರದ ನಮ್ಮ ಓಣಿಯ ದಖನಿ ಉರ್ದು. ಆಲಂ ರಾಕ್‌ನ ಹೆಚ್ಚಿನವರದು ಪಾಕಿಸ್ತಾನದ ಮೀರ್‌ಪುರದ ಕಡೆಯ ಪಹಾಡಿ ಭಾಷೆ. ಚಹಾ ಬೇಡ ಎನ್ನಲು ನಾನು “ಚಾಯ್ ನಕ್ಕೋ” ಅಂದರೆ ಸೋಫಾದ ಮೇಲಿದ್ದ ಹೆಂಗಸರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು, ಇನ್ನೊಮ್ಮೆ ಹೇಳು ಎನ್ನುತ್ತಿದ್ದರು. ನಾನೂ ಹೇಳುತ್ತಿದ್ದೆ.

ಕೆಲಸ ಕಲಿಸಿದವರು ಅಲ್ಲಿ ಎಲ್ಲರಿಗೂ ಬಾಜಿ, ಅಂದರೆ ಅಕ್ಕ, ಆಗಿರುವ ಶಮೀಮ್ ಬಾಜಿ. ಆಲಂ ರಾಕ್ ರಸ್ತೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು, ಈಗ ಅದನ್ನು ಸೊಸೆ ನೋಡಿಕೊಳ್ಳುತ್ತಾಳೆ. ಅವರಲ್ಲಿ ತೀರಿಕೊಂಡವರನ್ನು ಸಾಧ್ಯವಾದರೆ ಅದೇ ದಿನ ಮಣ್ಣು ಮಾಡಬೇಕು. ಬಾಜಿಯ ಗಂಡ ಬೇರೊಂದು ಊರಿಗೆ ಹೋದಾಗ ಶುಕ್ರವಾರ ಸಂಜೆ ತೀರಿಕೊಂಡರು. ಶವ ಬಿಟ್ಟುಕೊಡಲು ಸಹಿ ಹಾಕಬೇಕಾದ ಕಚೇರಿ ಸೋಮವಾರದವರೆಗೆ ಬಾಗಿಲು ಹಾಕಿತ್ತು. ಆ ಸುದ್ದಿ ಕೇಳಲು ನಾನು ಅವರ ಮನೆಗೆ ಹೋದೆ. ಕೂತವಳೇ ಪ್ರಶ್ನೆ ಶುರುಮಾಡಿದೆ. ಬಾಜಿ ಕೈ ಅಡ್ಡ ಹಿಡಿದರು. “ಬೇಟಿ, ಮೊದಲು ನೀನು ಯಾರ ಮಗಳು ಹೇಳು. ಆಮೇಲೆ ನಾನು ಯಾರ ಹೆಂಡತಿಯಾಗಿದ್ದೆ ಅಂತ ಹೇಳ್ತೀನಿ.”

ಅಂದಿನಿಂದ ಅದೇ ನನ್ನ ಪದ್ಧತಿಯಾಯಿತು. ಯಾರ ಮನೆಗೆ ಹೋದರೂ ಮೊದಲು ನನ್ನ ಮನೆಯ ಸುದ್ದಿ ಕೊಡುವುದು, ಆಮೇಲೆ ಅವರದನ್ನು ಕೇಳುವುದು. ಲೀಡ್ಸ್‌ನ ಹೇರ್‌ಹಿಲ್ಸ್ ಇರಲಿ, ಮ್ಯಾಂಚೆಸ್ಟರಿನ ಚೀತಂ ಹಿಲ್ ಇರಲಿ, ಕ್ರಮ ಅದೇ. ಅಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದದ್ದು, ಅವ್ವ ರೇಡಿಯೋ ಕೇಳುತ್ತ ಅನ್ನ ಸೀಯಿಸುತ್ತಿದ್ದದ್ದು, ಎಲ್ಲ ಹೇಳಿದೆ. ಮದುವೆ ಯಾಕಾಗಲಿಲ್ಲ ಎಂದು ಕೇಳುತ್ತಿದ್ದರು. ಆಗಲಿಲ್ಲ, ಅಷ್ಟೇ ಎನ್ನುತ್ತಿದ್ದೆ. ಪಾಪ, ಇವಳಿಗೆ ಯಾರೂ ಇಲ್ಲವೇ ಎಂಬ ಮುಖ ಮಾಡುತ್ತಿದ್ದರು. ಆಗ ನಿನ್ನ ಹೆಸರು ತೆಗೆಯುತ್ತಿದ್ದೆ. ತಮ್ಮ ಇದ್ದಾನೆ, ಶೆಫೀಲ್ಡ್‌ನಲ್ಲಿ ಜಿಪಿ, ಡಾಕ್ಟರು. ಅಷ್ಟು ಹೇಳಿದರೆ ಸಾಕು, ಚಹಾದ ಜೊತೆ ಬಿಸ್ಕತ್ತೂ ಬರುತ್ತಿತ್ತು.

ಬಾಜಿ ಮೂರನೆಯ ಭೇಟಿಯಲ್ಲಿ ಎಲ್ಲವನ್ನೂ ಹೇಳಿದರು. ಗಂಡನ ದೇಹ ಶನಿವಾರವೂ ಭಾನುವಾರವೂ ತಣ್ಣನೆಯ ಕೋಣೆಯಲ್ಲಿ ಒಂಟಿಯಾಗಿದ್ದದ್ದನ್ನು ಹೇಳುವಾಗ ಅವರು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಲೇ ಇದ್ದರು. ನಾನು ಬರೆದೆ. ಬೇರೆ ಮನೆಗಳವರೂ ಮಾತಾಡಿದರು, ಅದನ್ನೂ ಬರೆದೆ. ಬಹಳ ಪತ್ರಗಳು ಬಂದವು. ಕೊನೆಗೆ ಆ ಊರಿನಲ್ಲಿ ವಾರಾಂತ್ಯಕ್ಕೂ ಒಬ್ಬ ಅಧಿಕಾರಿಯನ್ನು ಇಟ್ಟರು. ನಾನು ಬರೆದದ್ದರಲ್ಲಿ ನನಗೆ ಹೆಮ್ಮೆಯೆನಿಸುವುದು ಅದೊಂದು. ಆಮೇಲೆ ಮೀಡಿಯಾಸಿಟಿಯ ಟಿವಿಯವರು ಕರೆದಾಗ, ಹೋಗಕ್ಕಾ ಎಂದು ನೀನು ಎಷ್ಟು ಹೇಳಿದರೂ ನಾನು ಹೋಗಲಿಲ್ಲ. ಕ್ಯಾಮೆರಾ ಹಿಡಿದು ಬಂದವರ ಮುಂದೆ ಅವರು ಯಾರೂ ಹಾಗೆ ಮಾತಾಡುತ್ತಿರಲಿಲ್ಲ.

ಕೊರೋನಾದ ಲಸಿಕೆ ಬಂದಾಗಿನ ಉಪಕಾರವನ್ನು ಮರೆಯುವುದುಂಟೇ? ಸೂಜಿ ಚುಚ್ಚಿಸಿಕೊಂಡರೆ ಏನೇನೋ ಆಗುತ್ತದೆ ಎಂದು ಆ ಹೆಂಗಸರು ಹೆದರಿ ಕೂತಿದ್ದರು. ಇಂಗ್ಲಿಷಿನ ಕರಪತ್ರಗಳು ಬಾಗಿಲ ಬಳಿ ರಾಶಿ ಬಿದ್ದಿದ್ದವು. ನಿನ್ನನ್ನು ಕೇಳಿಕೊಂಡೆ. ಕ್ಲಿನಿಕ್ಕಿನಲ್ಲಿ ಉಸಿರಾಡಲು ಪುರುಸೊತ್ತಿಲ್ಲದಿದ್ದರೂ ನೀನು ದಖನಿಯಲ್ಲಿ ಒಂದು ವಾಯ್ಸ್ ಮೆಸೇಜು ಮಾಡಿ ಕಳಿಸಿದೆ. “ಡರ್ನಾ ನಕ್ಕೋ ಖಾಲಾ” ಎಂದು ಶುರುಮಾಡಿದ್ದೆ. ಅದು ಫೋನಿನಿಂದ ಫೋನಿಗೆ ಹಾರಿ ಬ್ರಾಡ್‌ಫರ್ಡ್‌ವರೆಗೆ ಹೋಯಿತು. ಹೆದರಬೇಡಿ ಎನ್ನುವುದನ್ನು ಡಾಕ್ಟರೊಬ್ಬ ಇಷ್ಟು ನಗು ಬರುವ ಹಾಗೆ ಹೇಳಿದ್ದನ್ನು ಅವರು ಎಂದೂ ಕೇಳಿರಲಿಲ್ಲ. ನಗುತ್ತ ನಗುತ್ತ ಹೋಗಿ ಲಸಿಕೆ ಹಾಕಿಸಿಕೊಂಡರು. ಆಗಿನಿಂದ ಅಲ್ಲಿ ನೀನು ಡಾಕ್ಟರ್ ಭಾಯಿ. ನಿನ್ನ ಮುಖ ನೋಡದವರೂ ಹಾಗೇ ಕರೆಯುತ್ತಾರೆ.

ಆಮೇಲಿನದು ಇಬ್ಬರಿಗೂ ಗೊತ್ತಿದ್ದದ್ದೇ. ಒಂದು ಊರಿನಲ್ಲಿ ದೀಪಾವಳಿಯ ಪಟಾಕಿಗೆ ನಮ್ಮವರಿಗೂ ಮುಸ್ಲಿಮರಿಗೂ ಜಗಳವಾಗಿ ಓಣಿಗೆ ಓಣಿಯೇ ಬೀದಿಗಿಳಿಯಿತು. ಮೊದಲ ಬಾಟಲಿ ಎಸೆದದ್ದು ನಮ್ಮ ಹುಡುಗರು ಎಂದು ನಾನು ಬರೆದೆ. ಎರಡು ದಿನದ ಮೇಲೆ ಆ ಕಡೆಯ ಹುಡುಗರು ಪಟೇಲರೊಬ್ಬರ ಅಂಗಡಿ ಒಡೆದದ್ದನ್ನೂ ಬರೆದೆ. ಮೊದಲಿನದು ನಿಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲೆಲ್ಲ ಓಡಾಡಿತು, ಎರಡನೆಯದನ್ನು ಯಾರೂ ಹಾಕಲಿಲ್ಲ. ನೀನು ಆ ವರ್ಷ ಸಂಘದ ಅಧ್ಯಕ್ಷ. ನೀನೇ ಫೋನ್ ಮಾಡಿದೆ. “ಅವರ ಮನ್ಯಾಗ ಚಾ ಕುಡದು ಕುಡದು ನೀ ಅವರಾಕಿನ ಆಗೀದಿ ಅಕ್ಕಾ. ನಾ ಮಂದಿಗೆ ಮುಖ ಹೆಂಗ ತೋರಸ್ಲಿ? ಬರ್ದಿದ್ದು ತಪ್ಪಾತು ಅಂತ ಒಂದ್ ಸಾಲು ಹಾಕು” ಅಂದೆ. “ತಪ್ಪಾಗಿಲ್ಲೋ ದಿನ್ಯಾ” ಅಂದೆ ನಾನು. “ಹಂಗಾರ ಇನ್ ನನಗ ಫೋನ್ ಮಾಡಬ್ಯಾಡ” ಅಂದೆ ನೀನು. ಆ ಮಾತನ್ನು ನೀನು ಇಷ್ಟು ಚೆನ್ನಾಗಿ ಉಳಿಸಿಕೊಳ್ಳುತ್ತೀಯ ಎಂದು ನಾನು ಎಣಿಸಿರಲಿಲ್ಲ.

ನಿನಗೆ ಆ ದಿನ ಅವಮಾನವಾಯಿತು. ಅದು ನನಗೆ ತಿಳಿಯುತ್ತದೆ. ನನ್ನ ದೆಸೆಯಿಂದ ನೀನು ಹತ್ತು ಜನರ ನಡುವೆ ತಲೆ ತಗ್ಗಿಸಬೇಕಾಯಿತಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ. ಬರೆದದ್ದಕ್ಕೆ ಮಾತ್ರ ಸಂಕಟವಿಲ್ಲ.

ಆದರೆ ನನ್ನ ಪದ್ಧತಿ ಇದೆಯಲ್ಲ, ಮೊದಲು ಮನೆಯ ಸುದ್ದಿ ಕೊಡುವುದು, ಅದು ನಿಲ್ಲಲಿಲ್ಲ. ಬಾಜಿಯ ಮನೆಗೆ ಹೋದಾಗಲೆಲ್ಲ ಅವರು, “ಡಾಕ್ಟರ್ ಭಾಯಿ ಹೇಗಿದ್ದಾನೆ?” ಎಂದು ಕೇಳುತ್ತಾರೆ. ಚೆನ್ನಾಗಿದ್ದಾನೆ ಎನ್ನುತ್ತೇನೆ. ಮಗ ಅನೀಶ್‌ಗೆ ಲೀಡ್ಸ್‌ನಲ್ಲಿ ಕಾಲೇಜು ಸೀಟು ಸಿಕ್ಕಿತು, ಭಾಯಿಗೆ ಬಿಪಿ ಸ್ವಲ್ಪ ಏರಿದೆ, ಮನೆಯ ಅಡುಗೆಕೋಣೆ ಒಡೆದು ಕಟ್ಟಿಸುತ್ತಿದ್ದಾರೆ, ಎಂದೆಲ್ಲ ಹೇಳುತ್ತೇನೆ. ಒಂದೂ ಸುಳ್ಳಲ್ಲ. ನಂಬಲರ್ಹ ಮೂಲದಿಂದ ಬಂದ ಸುದ್ದಿಯೇ. ನೀನೇ ಹೇಳಿದ್ದೆಂದು ಅವರು ತಿಳಿದುಕೊಂಡರೆ ನಾನೇನು ಮಾಡಲಿ?

ಹೀಗಾಗಿ ಶನಿವಾರ ನೀನಿಲ್ಲದೆ ಊಟವೇ ಇಲ್ಲ ಎಂದು ಕೂತಿದ್ದಾರೆ. ಮನೆಮಗಳನ್ನು ಕಳಿಸಿಕೊಡುವಾಗ ಅವಳ ಕಡೆಯವರೊಬ್ಬರಾದರೂ ಪಕ್ಕದಲ್ಲಿ ಕೂರಬೇಕಂತೆ. ನಿನಗೆ ಶೇಂಗಾ ಹೋಳಿಗೆ ಪ್ರಾಣ ಎಂದು ಯಾವತ್ತೋ ಬಾಯಿಬಿಟ್ಟಿದ್ದೆ, ಅದನ್ನೂ ಮಾಡಲು ಹೊರಟಿದ್ದಾರೆ. ಮೊನ್ನೆ ಮಾಡಿ ನೋಡಿದರು. ಹೂರಣ ತುಂಬಿ ಲಟ್ಟಿಸುವುದು ಎಂದರೆ ಅವರ ಮನಸ್ಸಿನಲ್ಲಿ ಪರಾಠಾ. ಶೇಂಗಾಪುಡಿಗೆ ಉಪ್ಪು, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ ಭರ್ಜರಿಯಾಗಿ ಬೇಯಿಸಿ ನನ್ನ ಮುಂದಿಟ್ಟರು. ನಾನು ಎರಡು ತಿಂದೆ. ಚೆನ್ನಾಗಿಯೇ ಇತ್ತು. ಆಮೇಲೆ ಬೆಲ್ಲದ ವಿಷಯ ಹೇಳಿದಾಗ ಬಾಜಿಯ ಸೊಸೆ ಹಣೆ ಚಚ್ಚಿಕೊಂಡು, ಶನಿವಾರ ಸರಿಯಾಗಿ ಮಾಡುತ್ತೇನೆ, ಭಾಯಿಗೆ ಇದನ್ನು ಹೇಳಬೇಡಿ ಅಂದಳು. ಹೇಳಿಬಿಟ್ಟೆ.

ದಿನ್ಯಾ, ನನ್ನ ಬದುಕಿನಲ್ಲಿ ನನಗೆ ಸಿಕ್ಕಿದ್ದೇ ಹೆಚ್ಚು. ನೀನು ಕೈಹಿಡಿದು ಈ ದೇಶದಲ್ಲಿ ಇಳಿಸಿದೆ, ಶೆಫೀಲ್ಡ್‌ನ ಆ ದಿಬ್ಬಗಳ ಮೇಲೆ ನಿನ್ನ ಕ್ಲಚ್ ಸುಟ್ಟು ಹೋಗುವ ತನಕ ಡ್ರೈವಿಂಗ್ ಕಲಿಸಿದೆ. ಅವರು ತಮ್ಮ ಸಾವುನೋವುಗಳ ನಡುವೆ ನನಗೆ ಜಾಗ ಮಾಡಿಕೊಟ್ಟರು. ಎರಡೂ ಕಡೆಯವರು ಒಂದೇ ಮೇಜಿನ ಸುತ್ತ ಕೂತು ಊಟ ಮಾಡುವುದನ್ನು ನೋಡಬೇಕೆಂದು ಆಸೆ. ಇಷ್ಟೇ ನನ್ನ ಆಸೆ. ಬಾ. ಮಾತಾಡದಿದ್ದರೂ ಸರಿ, ಬಂದು ಕೂತು ಉಂಡು ಹೋಗು.

ಅನೀಶ್‌ಗೆ ಓದು ಕೈಹತ್ತಲಿ, ಪೂಜಿತಾಳ ಹೊಸ ಅಡುಗೆಕೋಣೆ ಸದಾ ಘಮಘಮಿಸಲಿ. ನಿನ್ನ ಬಿಪಿ ಇಳಿಯಲಿ, ಅದರ ಜೊತೆ ಸಿಟ್ಟೂ ಇಳಿಯಲಿ. ಅಪ್ಪ ಅವ್ವ ಇದ್ದಿದ್ದರೆ ಏನು ಹರಸುತ್ತಿದ್ದರೋ ಅದನ್ನೆಲ್ಲ ಹಿರಿಯಳಾಗಿ ನಾನೇ ಹರಸಿದ್ದೇನೆ.

ನಿನ್ನ ಅಕ್ಕ,
ಶುಭಾ

ತಾ.ಕ.: ಇದನ್ನು ಬರೆಯಬಾರದೆಂದು ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನ್ನೆ ಬಾಜಿಯ ಹತ್ತಿರ, ಡಾಕ್ಟರ್ ಭಾಯಿಗೆ ಶನಿವಾರ ಕ್ಲಿನಿಕ್ಕು ಇದ್ದರೂ ಇರಬಹುದು ಎಂದು ನಾನು ರಾಗ ಎಳೆದೆ. ಬಾಜಿ ನನ್ನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ಅವರ ತಂಗಿಯ ಮಗಳು ಶೆಫೀಲ್ಡ್‌ನಲ್ಲಿ ನಿನ್ನ ಪೇಷಂಟಂತೆ. ಎರಡು ವರ್ಷದ ಹಿಂದೆ ಅವಳು ನಿನ್ನನ್ನು, ಬರ್ಮಿಂಗ್‌ಹ್ಯಾಮ್ ಪೇಪರಿನ ಶುಭಾ ನಿಮ್ಮ ಅಕ್ಕ ಅಲ್ಲವೇ ಎಂದು ಸಂಭ್ರಮದಿಂದ ಕೇಳಿದಳಂತೆ. ನೀನು ಕಂಪ್ಯೂಟರಿನಿಂದ ಕಣ್ಣೆತ್ತದೆ, “ನನಗೆ ಅಕ್ಕ ಯಾರೂ ಇಲ್ಲ” ಅಂದೆಯಂತೆ.

ಬಾಜಿಗೆ ಅದು ಆಗಲೇ ತಿಳಿದಿತ್ತು. ತಿಳಿದೂ ಪ್ರತಿ ಸಲ, ಭಾಯಿ ಹೇಗಿದ್ದಾನೆ ಎಂದು ಕೇಳುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಹೌದಾ ಹೌದಾ ಎಂದು ಕೇಳಿಸಿಕೊಳ್ಳುತ್ತಿದ್ದರು. ಯಾಕೆ ಎಂದು ಕೇಳಿದೆ. “ಅವನ ಸುದ್ದಿ ಹೇಳುವಾಗ ನಿನ್ನ ಮುಖ ನೋಡೋಕೆ ಚೆನ್ನಾಗಿರುತ್ತಿತ್ತು ಬೇಟಿ” ಅಂದರು. ಆದರೂ ನಿನ್ನ ಕುರ್ಚಿಯನ್ನು ತೆಗೆಸುವುದಿಲ್ಲವಂತೆ.

ನಾನು ವರದಿಗಾರ್ತಿ. ಒಬ್ಬರ ಬಗ್ಗೆ ಇನ್ನೊಬ್ಬರು ಹೇಳಿದ್ದನ್ನು ಅವರನ್ನೇ ಕೇಳದೆ ನಂಬಿದವಳಲ್ಲ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಹಂಗಂದಿಯೇನೋ, ದಿನ್ಯಾ? ಉತ್ತರ ಬರೆದು ಕಳಿಸಬೇಡ. ಶನಿವಾರ ಬಂದು ನನ್ನ ಮುಖ ನೋಡಿ ಹೇಳು.